ತರಬೇತಿ ಕೊಟ್ಟರೂ ಆಸ್ಪತ್ರೆಯ ಸಿಬ್ಬಂದಿ ಕೈ ಶುಚಿ ಮಾಡಿಕೊಳ್ಳುವುದಿಲ್ಲ, ಏನು ಮಾಡಬೇಕು?

ಮೇಲಿಂದ ಮೇಲೆ ತರಬೇತಿ ಕೊಟ್ಟು, ಗೋಡೆಗೆಲ್ಲ ಭಿತ್ತಿಪತ್ರ ಅಂಟಿಸಿದರೂ ವಾರ್ಡಿನಲ್ಲಿ ಸುಧಾರಣೆ ಕಾಣುತ್ತಿಲ್ಲ ಎಂದು ಬರೆದಿದ್ದೀರಿ. ಸೋಂಕು ನಿಯಂತ್ರಣದ ನರ್ಸ್ ಆಗಿ ಹಲವು ವರ್ಷ ಇದೇ ಪ್ರಶ್ನೆಯೊಂದಿಗೆ ಹೆಣಗಿದವಳು ನಾನು. ನನ್ನ ಅನುಭವದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಸಿಬ್ಬಂದಿಯ ತಿಳಿವಳಿಕೆಯನ್ನಲ್ಲ, ಹ್ಯಾಂಡ್ ರಬ್, ಅಂದರೆ ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣದ ಬಾಟಲಿ ಎಲ್ಲಿದೆ ಎಂಬುದನ್ನು.

ಸೋಪು ನೀರಿನಿಂದ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಸಿಂಕಿನವರೆಗೆ ನಡೆದು ಬರುವ ಸಮಯ ಬೇರೆ. ಗಂಟೆಗೆ 20 ಸಲ ಕೈ ಶುಚಿ ಮಾಡಬೇಕಾದ ಐಸಿಯು ನರ್ಸ್ ಹೀಗೆ ತೊಳೆಯುತ್ತಾ ಹೋದರೆ ಗಂಟೆಯ ಮೂರನೇ ಒಂದು ಭಾಗದವರೆಗೂ ಸಿಂಕಿನ ಮುಂದೆಯೇ ಕಳೆದುಹೋಗಬಹುದು. ಆಲ್ಕೋಹಾಲ್ ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡು ಸಾಕು, ಆದರೆ ಅದು ಹಾಸಿಗೆಯ ಬಳಿ ಕೈಗೆಟಕುವಂತಿರಬೇಕು. ನಾನಿದ್ದ ಒಂದು ವಾರ್ಡಿನಲ್ಲಿ ಬಾಟಲಿಯನ್ನು ಬಾಗಿಲ ಹಿಂದೆ ತೂಗುಹಾಕಿದ್ದರು. ಬಾಗಿಲು ತೆರೆದಿರುವಷ್ಟು ಹೊತ್ತೂ, ಅಂದರೆ ಹಗಲಿಡೀ, ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದನ್ನು ಮಂಚದ ಕಂಬಿಗೆ ಸಿಕ್ಕಿಸಿದ ಮೇಲೆ, ಯಾರೂ ಹೇಳದೆಯೇ, ಬಾಟಲಿಗಳು ಬೇಗ ಬೇಗ ಖಾಲಿಯಾಗತೊಡಗಿದವು. ಜಿನೀವಾದ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ತಜ್ಞ ದಿದಿಯೇ ಪಿಟೆ ಅವರ ತಂಡ ಹಾಸಿಗೆಯ ಪಕ್ಕದ ಹ್ಯಾಂಡ್ ರಬ್ ಬಳಕೆಗೆ ಒತ್ತು ಕೊಟ್ಟಾಗ, 1994ರಲ್ಲಿ ಶೇ. 48ರಷ್ಟಿದ್ದ ಕೈ ಶುಚಿಯ ಪಾಲನೆ 1997ರ ವೇಳೆಗೆ ಶೇ. 66ಕ್ಕೆ ಏರಿತು, ಅಲ್ಲಿ ಸೋಪು ನೀರಿನ ಬಳಕೆ ಹೆಚ್ಚಲಿಲ್ಲ, ಹೆಚ್ಚಿದ್ದು ಹ್ಯಾಂಡ್ ರಬ್ ಬಳಕೆ.

ಎರಡನೆಯದಾಗಿ, ಕೈ ಶುಚಿ ಯಾವಾಗ ತಪ್ಪುತ್ತದೆ ಎಂಬುದನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳಲ್ಲಿ ರೋಗಿಯನ್ನು ಮುಟ್ಟಿದ ನಂತರದ್ದನ್ನು ಹೆಚ್ಚಿನವರು ಪಾಲಿಸುತ್ತಾರೆ, ಏಕೆಂದರೆ ಅಲ್ಲಿ ತಮ್ಮ ರಕ್ಷಣೆಯ ಯೋಚನೆ ಇರುತ್ತದೆ. ಮುಟ್ಟುವ ಮೊದಲಿನದು ತಪ್ಪಿಹೋಗುತ್ತದೆ. ಗ್ಲೌಸ್ ಈ ಮರೆವನ್ನು ಇನ್ನಷ್ಟು ಬೆಳೆಸುತ್ತದೆ. ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡಿ, ಅದೇ ಗ್ಲೌಸಿನಲ್ಲಿ ಪಕ್ಕದವರ ಡ್ರಿಪ್ ಸರಿಪಡಿಸುವುದನ್ನು ಕಂಡು ನಾನು ಎಷ್ಟೋ ಸಲ ಕೈ ಹಿಡಿದು ನಿಲ್ಲಿಸಿದ್ದೇನೆ. ಗ್ಲೌಸ್ ಹಾಕುವ ಮೊದಲೂ ತೆಗೆದ ಮೇಲೂ ಕೈ ಶುಚಿಯಾಗಲೇಬೇಕು.

ತರಬೇತಿಯನ್ನು ಬಿಡಬೇಡಿ, ಆದರೆ ಉಪನ್ಯಾಸ ಬೇಡ. ಹೊಳೆಯುವ ದ್ರಾವಣವನ್ನು ಕೈಗೆ ಹಚ್ಚಿಸಿ, ನೇರಳಾತೀತ ದೀಪದಡಿ ಹಿಡಿಯಲು ಹೇಳಿ: ಅಂಗೈ ಬೆಳಗುತ್ತದೆ, ದ್ರಾವಣ ತಲುಪದ ಹೆಬ್ಬೆರಳು ಮತ್ತು ಬೆರಳ ತುದಿಗಳು ಕಪ್ಪಾಗಿ ಉಳಿಯುತ್ತವೆ. ಅದನ್ನು ನೋಡಿದವರು ಮರೆಯುವುದಿಲ್ಲ.

ಚರ್ಮ ಒಡೆದು ಉರಿಯುವವರಿಗೆ ಕೈಗೆ ಹಚ್ಚುವ ಕ್ರೀಮನ್ನು ಆಸ್ಪತ್ರೆಯೇ ಒದಗಿಸಬೇಕು. ಉರಿಯನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದಾಗ, ಅಥವಾ ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಭೇದಿ ಇರುವ ರೋಗಿಯನ್ನು ನೋಡಿಕೊಂಡಾಗ ಮಾತ್ರ ಸೋಪು ನೀರೇ ಆಗಬೇಕು, ಏಕೆಂದರೆ ಆ ಬ್ಯಾಕ್ಟೀರಿಯಾದ ಗಟ್ಟಿ ಕವಚದ ಬೀಜಕಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ.

ಇಷ್ಟಾದ ಮೇಲೆ ಹಿರಿಯ ವೈದ್ಯರನ್ನು ಖಾಸಗಿಯಾಗಿ ಭೇಟಿಯಾಗಿ, ರೌಂಡ್ಸ್‌ನಲ್ಲಿ ಪ್ರತಿ ಹಾಸಿಗೆಯ ಬಳಿ ಮೊದಲು ತಾವೇ ಬಾಟಲಿ ಒತ್ತುವಂತೆ ಕೇಳಿಕೊಳ್ಳಿ. ಅವರು ಒತ್ತಿದರೆ ಹಿಂದಿರುವ ಕಿರಿಯರೂ ಒತ್ತುತ್ತಾರೆ. ಅವರು ಬಿಟ್ಟ ದಿನ ಇಡೀ ಸಾಲು ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.