ಮಂಡಿಯ ಜೋಮು ಬೇರೆ, ಪಾದದ ಜೋಮು ಬೇರೆ

ಸಹೋದರಿ,

ದಾವಣಗೆರೆಯಿಂದ ನೀವು ಬರೆದ ದೀರ್ಘ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು: ಅವ್ವನ ಬಲ ಮಂಡಿಗೆ ಕೀಲು ಬದಲಾವಣೆಯ ಆಪರೇಷನ್ ಆಗಿ ನಾಲ್ಕು ತಿಂಗಳಾಗಿದೆ. ಹಳೆಯ ನೋವು ಹೋಗಿದೆ, ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಆದರೆ ಹೊಲಿಗೆಯ ಹೊರಮಗ್ಗುಲಲ್ಲಿ ಅಂಗೈಯಗಲ ಜಾಗ ಮುಟ್ಟಿದರೆ ತಿಳಿಯುವುದಿಲ್ಲ. ಕೇಳಿದ್ದಕ್ಕೆ ಡಾಕ್ಟರು "ಅದು ಹಂಗೇ ಇರ್ತದ" ಎಂದು ಮುಂದಿನ ಪೇಷಂಟನ್ನು ಕರೆದರು. ಪಕ್ಕದ ಮನೆಯವರು ಮಂಡಕ್ಕಿ ಭಟ್ಟಿಯ ಬಿಸಿ ಉಸುಕನ್ನು ಬಟ್ಟೆಗೆ ಕಟ್ಟಿ ಕಾವು ಕೊಡಿ ಅನ್ನುತ್ತಿದ್ದಾರೆ. "ನರ ಕತ್ತರಿಸಿಬಿಟ್ಟರಾ?" ಎಂಬುದು ನಿಮ್ಮ ಪ್ರಶ್ನೆ.

ಮೊದಲು ಉಸುಕಿನ ಮಾತು. ದಯವಿಟ್ಟು ಬೇಡ. ಅಕ್ಕಿ ಅರಳಿಸುವ ಉಸುಕು ಅದು. ಸ್ಪರ್ಶ ತಿಳಿಯುವ ಚರ್ಮವಾದರೆ ಸುಟ್ಟ ಕೂಡಲೇ ಅವ್ವ "ಅಯ್ಯೋ" ಎಂದು ಕಾಲು ಎಳೆದುಕೊಳ್ಳುತ್ತಾರೆ. ಜೋಮು ಹಿಡಿದ ಜಾಗದಲ್ಲಿ ಗುಳ್ಳೆ ಎದ್ದ ಮೇಲೇ ಗೊತ್ತಾಗುವುದು. ಒಳಗೆ ಲೋಹದ ಕೀಲು ಇರುವ ಮಂಡಿಯ ಮೇಲಿನ ಸುಟ್ಟ ಗಾಯ ಕೀವಾದರೆ, ಆ ಸೋಂಕು ಕೀಲಿಗೆ ಇಳಿಯುವ ಅಪಾಯವಿದೆ. ಬಿಸಿನೀರಿನ ಚೀಲಕ್ಕೂ, ಕಾದ ಉಪ್ಪಿನ ಗಂಟಿಗೂ ಇದೇ ಮಾತು.

ಇನ್ನು ನಿಮ್ಮ ಪ್ರಶ್ನೆ. ಹೌದು, ಒಂದು ಸಣ್ಣ ನರದ ಎಳೆ ಕತ್ತರಿಸಿರುತ್ತದೆ, ಆದರೆ ಅದು ಕೈತಪ್ಪಿ ಆದದ್ದಲ್ಲ. ತೊಡೆಯ ಒಳಬದಿಯಿಂದ ಇಳಿಯುವ ಸಫೀನಸ್ ನರದ ಒಂದು ಕವಲು ಮಂಡಿಚಿಪ್ಪಿನ ಕೆಳಗೆ ಅಡ್ಡ ಹಾದು ಹೊರಬದಿಗೆ ಹೋಗುತ್ತದೆ. ಮಂಡಿಯ ನಡುವೆ ಉದ್ದಕ್ಕೆ ಕೊಯ್ದರೆ ಅದನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಜೋಮು ಹೊರಮಗ್ಗುಲಲ್ಲೇ ಇರುವುದು ಇದಕ್ಕೇ. ಆ ಕವಲು ಚರ್ಮದ ಸ್ಪರ್ಶಕ್ಕೆ ಮಾತ್ರ. ಸ್ನಾಯುಗಳನ್ನು ಅದು ಆಡಿಸುವುದಿಲ್ಲ, ಹಾಗಾಗಿ ಕಾಲಿನ ಬಲಕ್ಕೆ ಕುಂದಿಲ್ಲ. ನರ ಮತ್ತೆ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸುತ್ತಲಿನ ನರಗಳೂ ಆ ಜಾಗಕ್ಕೆ ನಿಧಾನಕ್ಕೆ ಚಾಚಿಕೊಳ್ಳುತ್ತವೆ. ಬಹಳ ಜನರಲ್ಲಿ ವರ್ಷ ಎರಡು ವರ್ಷದಲ್ಲಿ ಜೋಮಿನ ಜಾಗ ಕುಗ್ಗುತ್ತದೆ, ಕೆಲವರಲ್ಲಿ ಒಂದಿಷ್ಟು ಕೊನೆಯವರೆಗೂ ಉಳಿಯುತ್ತದೆ. ಅವ್ವ ಕಣ್ಣು ಮುಚ್ಚಿಕೊಳ್ಳಲಿ, ನೀವು ಹತ್ತಿಯ ಎಳೆಯಿಂದ ಹೊರಗಿನಿಂದ ಒಳಕ್ಕೆ ಸವರುತ್ತ ಬನ್ನಿ. "ಈಗ ತಿಳೀಲಿಲ್ಲ" ಎಂದಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟು, ಗೆರೆ ಕೂಡಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಕುಗ್ಗುತ್ತಿದೆಯೋ ಇಲ್ಲವೋ ನಿಮಗೇ ಕಾಣುತ್ತದೆ. ಅಲ್ಲಿ ಜುಮು ಜುಮು ಅನ್ನುವುದು, ತಟ್ಟಿದರೆ ಕರೆಂಟ್ ಹೊಡೆದಂತಾಗುವುದು ಸಾಮಾನ್ಯವಾಗಿ ನರ ಚಿಗುರುತ್ತಿರುವ ಲಕ್ಷಣ. ಸೀರೆಯ ಅಂಚು ತಾಗಿದರೂ ಉರಿ ಎಂದಾದರೆ ಮಾತ್ರ ಡಾಕ್ಟರಿಗೆ ಹೇಳಬೇಕು. ಅದಕ್ಕೆ ಬೇರೆ ಔಷಧಿ ಇದೆ.

ನನ್ನನ್ನು ಕಾಡಿದ್ದು ಮಂಡಿಯಲ್ಲ. ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ ಒಂದು ಸಾಲು ಬರೆದಿದ್ದೀರಿ: "ಈಚೆಗೆ ಚಪ್ಪಲಿ ಕಾಲಿಂದ ಕಳಚಿದ್ದೂ ಅವ್ವಗೆ ಗೊತ್ತಾಗಲ್ಲ, ಎರಡೂ ಪಾದ ಹತ್ತಿ ಮೇಲೆ ಇಟ್ಟಂಗೆ ಅಂತಾಳೆ." ಅದಕ್ಕೂ ಮೊದಲು, ಹತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ, ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲ ಎಂದೂ ಇದೆ. ಆಪರೇಷನ್ ಆದದ್ದು ಒಂದೇ ಮಂಡಿಗೆ, ಜೋಮು ಎರಡೂ ಪಾದಕ್ಕೆ. ಇದನ್ನು ಆಪರೇಷನ್ನಿನ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ. ಸೊಂಟದಿಂದ ಕಾಲ್ಬೆರಳವರೆಗೆ ಹೋಗುವ ನರಗಳೇ ಮೈಯಲ್ಲಿ ಅತಿ ಉದ್ದದವು, ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದೂ ಅವನ್ನೇ. ಮೆಟ್‌ಫಾರ್ಮಿನ್ ಬಹುಕಾಲ ನುಂಗಿದರೆ ಮೈಯಲ್ಲಿ ಬಿ12 ಎಂಬ ವಿಟಮಿನ್ ಇಳಿಯಬಹುದು. ರೊಟ್ಟಿ, ಕಾಳು, ಸೊಪ್ಪಿನಲ್ಲಿ ಬಿ12 ಇಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಬಿ12 ಕೊರತೆಯಿಂದಲೂ ಪಾದ ಹೀಗೇ ಮರಗಟ್ಟುತ್ತದೆ, ಬೇಗ ಕಂಡುಹಿಡಿದರೆ ಮಾತ್ರೆ ಇಂಜೆಕ್ಷನ್‌ಗಳಿಂದ ಸುಧಾರಿಸುತ್ತದೆ. ಈ ವಾರವೇ ಚಿಗಟೇರಿ ಜಿಲ್ಲಾಸ್ಪತ್ರೆಗೋ ನಿಮ್ಮ ಶುಗರ್ ಡಾಕ್ಟರ ಹತ್ತಿರವೋ ಕರೆದೊಯ್ದು ಪಾದದ ಸ್ಪರ್ಶ ಪರೀಕ್ಷೆ, ಬಿ12 ಮತ್ತು ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ. ತಾವಾಗಿಯೇ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ.

ಇವತ್ತೇ ಇನ್ನೊಂದು ನೋಡಿ. ಕುರ್ಚಿಯಲ್ಲಿ ಕೂರಿಸಿ, ಹಿಮ್ಮಡಿ ನೆಲಕ್ಕೆ ಊರಿ, ಬಲಪಾದದ ಮುಂಭಾಗ ಎತ್ತಲು ಹೇಳಿ. ಎತ್ತಲಾಗದಿದ್ದರೆ ಮಂಡಿಯ ಪಕ್ಕ ಹಾಯುವ ಪೆರೋನಿಯಲ್ ನರಕ್ಕೆ ಪೆಟ್ಟಾಗಿರಬಹುದು. ತಡಮಾಡದೆ ಆಪರೇಷನ್ ಮಾಡಿದವರಿಗೇ ತೋರಿಸಬೇಕು. ಮೂತ್ರ ಕಟ್ಟಿ ಗುಪ್ತಾಂಗದ ಸುತ್ತ ಜೋಮು ಬಂದರೆ ಬೆಳಗಾಗಲೆಂದು ಕಾಯದೆ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರ ಮೇಲಿನ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆಪರೇಷನ್ ಚೆನ್ನಾಗಿಯೇ ಆಗಿದೆ, ಹೇಳಬೇಕಾದ ಮಾತು ಹೇಳಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಮುಖ್ಯ ಅಪಾಯಗಳನ್ನು ರೋಗಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. "ಮಂಡಿ ಪಕ್ಕ ಒಂದಿಷ್ಟು ಜೋಮು ಉಳೀತದಮ್ಮ" ಎಂದು ಮೊದಲೇ ಅಂದಿದ್ದರೆ ನಿಮ್ಮವ್ವ ನಾಲ್ಕು ತಿಂಗಳು ಹೆದರಿಕೊಂಡು ಇರುತ್ತಿರಲಿಲ್ಲ. ಮುಂದಿನ ಭೇಟಿಗೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪಾದದ ಮಾತನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಅಲ್ಲಿಯವರೆಗೆ ಅವ್ವ ಬರಿಗಾಲಲ್ಲಿ ಓಡಾಡುವುದು ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ. ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು, ಬೆರಳ ಸಂದಿಗಳನ್ನು ನೀವೇ ದೀಪದ ಬೆಳಕಲ್ಲಿ ನೋಡಿ. ಮುಳ್ಳು ಚುಚ್ಚಿದ್ದರೂ ಅವರಿಗೆ ತಿಳಿದಿರುವುದಿಲ್ಲ.

— ಸಂಪಾದಕ