ಪ್ರತಿಕ್ರಿಯೆ: ಡಾಕ್ಟರಿಲ್ಲದ ಊರಿಗೆ ರೋಗ ಹೇಳುವ ಆ್ಯಪ್

ಪುಣೆಯಲ್ಲಿ ಕೂತು, ಉತ್ತರ ಕನ್ನಡದ ಕಾಡಿನ ನಡುವಿನ ಜೋಯಿಡಾ ಕಡೆಯ ನಿಮ್ಮ ಹಳ್ಳಿಗೆ ಲಕ್ಷಣ ಒತ್ತಿದರೆ ರೋಗದ ಹೆಸರು ಹೇಳುವ ಆ್ಯಪ್ ಮಾಡಬಹುದೇ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಹೆಸರಿನ ಹಿಂದೆ ಬೀಳಬೇಡಿ. ಆಶಾ ಕಾರ್ಯಕರ್ತೆಗೆ ಬೇಕಿರುವುದು ಇಷ್ಟೇ: ಈ ಮಗುವನ್ನು ಈಗಲೇ ಕಳಿಸಬೇಕೋ, ಮನೆಯಲ್ಲಿ ನೋಡಿಕೊಂಡರೆ ಸಾಕೋ?

ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 1990ರ ದಶಕದಲ್ಲೇ ಮಾಡಿಟ್ಟ ಐಎಂಸಿಐ, ಅಂದರೆ ಮಕ್ಕಳ ಕಾಯಿಲೆ ಗುರುತಿಸಿ ನೋಡಿಕೊಳ್ಳುವ ನಿಯಮಗಳಿವೆ; ನವಜಾತ ಶಿಶುಗಳನ್ನೂ ಸೇರಿಸಿ ನಮ್ಮ ದೇಶದಲ್ಲಿ ಐಎಂಎನ್‌ಸಿಐ ಅಂತಾರೆ. ಆ್ಯಪ್ ಕಟ್ಟುವುದನ್ನು ಕೆಮ್ಮಿನಿಂದಲೇ ಶುರುಮಾಡಿ. ನಿಮಿಷಕ್ಕೆ ಉಸಿರು 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಅಲ್ಲಿಂದ 5 ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರಾಟ. ಪರದೆ ಮೇಲೆ ಒಂದು ದೊಡ್ಡ ಗುಂಡಿ ಸಾಕು, ಹೊಟ್ಟೆ ಏರಿದಾಗೊಮ್ಮೆ ಒತ್ತುವುದು, ಪೂರ್ತಿ 60 ಸೆಕೆಂಡ್. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ (ನಮ್ಮಂಥ ಪುಣೆಯ ಐಟಿ ಮಂದಿಗೆ ಈ ಚಟ ಜಾಸ್ತಿ). ಮಗು ಅತ್ತರೆ ಲೆಕ್ಕ ಕೆಡುತ್ತದೆ, 'ಮತ್ತೆ ಎಣಿಸು' ಗುಂಡಿಯೂ ಇರಲಿ. 2 ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ ಹೇಗೂ ಎರಡನೇ ಸಲ ಎಣಿಸಲೇಬೇಕು.

ಎಲ್ಲಕ್ಕಿಂತ ಮೊದಲ ಪರದೆಯಲ್ಲಿ ಅಪಾಯದ ಚಿಹ್ನೆಗಳು: ಹಾಲು ನೀರು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು. ಒಂದಿದ್ದರೂ ಗಾಡಿ ಕರೆಸಿ.

ಔಷಧಿ ಬರೆಯುವ ಭಾಗ ಕೈಬಿಡಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಬಹುದು, ತಾನೇ ರೋಗಿಗೆ ಮಾತ್ರೆ ಬರೆಯುವಂತಿಲ್ಲ. ಇನ್ನು ಆ ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ, ಲೆಕ್ಕವೆಲ್ಲ ಫೋನಿನೊಳಗೇ ನಡೆಯಲಿ.