ಗಿಲ್ಗಮೆಶ್‌ನ ಬೇರು ನೀವು ಅಗೆದ ಕಡೆ ಇಲ್ಲ

ನಮಸ್ಕಾರ.

ಜಪಾನಿನ ‘ಫೈನಲ್ ಫ್ಯಾಂಟಸಿ’ ವಿಡಿಯೊ ಗೇಮ್‌ಗಳಲ್ಲಿ ಬರುವ ಗಿಲ್ಗಮೆಶ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ನಿಮಗೆ ಆ ಗೇಮ್ ಮೇಲೆ ಪ್ರೀತಿಯೂ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಡ ಅನ್ನಿಸಿದ ಲೇಖನಕ್ಕಾದರೆ ಎರಡು ಸಾಲು ಸಾಕು, ಅಲ್ವಾ?

ನಿಮ್ಮ ವಾದ ಇಷ್ಟೇ: ಪಾತ್ರದ ಹೆಸರು ಗಿಲ್ಗಮೆಶ್, ಆದ್ದರಿಂದ ಅವನ ಮೂಲ ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕ್ ಕಡೆಯ, ಪ್ರಾಚೀನ ಕಾವ್ಯ. ಇದನ್ನು ಹೇಳಲು ಹತ್ತು ಪುಟಗಳಲ್ಲಿ ಏಳನ್ನು ಖರ್ಚು ಮಾಡಿದ್ದೀರಿ. ಉರುಕ್ ನಗರದ ಕೋಟೆ, ಹುಂಬಾಬ ಎಂಬ ರಾಕ್ಷಸನ ವಧೆ, ಪ್ರಳಯದ ಕಥೆ, ನಿನೆವೆಯಲ್ಲಿ ಸಿಕ್ಕ ಮಣ್ಣಿನ ಹಲಗೆಗಳು, 1872ರಲ್ಲಿ ಜಾರ್ಜ್ ಸ್ಮಿತ್ ಲಂಡನ್ನಿನಲ್ಲಿ ಆ ಪ್ರಳಯದ ಭಾಗವನ್ನು ಓದಿ ಹೇಳಿದ್ದು, ಎಲ್ಲವೂ ಇದೆ. ತಪ್ಪೇನಿಲ್ಲ. ಆದರೆ ಓದುಗರು ಬಂದಿರುವುದು ಗೇಮ್‌ನ ಪಾತ್ರಕ್ಕಾಗಿ. ಎಂಟನೇ ಪುಟದ ತನಕ ಅವರಿಗೆ ಅವನ ಮುಖವೇ ಕಾಣುವುದಿಲ್ಲ. ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಆ ಕಾವ್ಯದ ಜೀವ ಇರುವುದು ಎಂಕಿಡುವಿನ ಸಾವಿನಲ್ಲಿ. ಆ ಗೆಳೆಯ ಸತ್ತ ಮೇಲೆ ರಾಜ ಗಿಲ್ಗಮೆಶ್ಗೆ ತನ್ನ ಸಾವಿನ ಭಯ ಹತ್ತುತ್ತದೆ. ಸಾಯದಿರುವ ದಾರಿ ಹುಡುಕಿಕೊಂಡು ಹೊರಡುತ್ತಾನೆ. ಮತ್ತೆ ಹರೆಯ ಕೊಡುವ ಗಿಡ ಕೈಗೆ ಸಿಕ್ಕಿದರೂ ಹಾವು ಅದನ್ನು ಎತ್ತಿಕೊಂಡು ಹೋಗುತ್ತದೆ. ಈಗ ಗೇಮ್ ನೋಡಿ. 1992ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ 5’ರಲ್ಲಿ ಎಂಕಿಡು ಇದ್ದಾನೆ ನಿಜ, ಗಿಲ್ಗಮೆಶ್ ಕಡೆಯವನಾಗಿ ಬಂದು ಹೋಗುತ್ತಾನೆ. ಆ ದುಃಖ, ಆ ಭಯ, ಆ ಹುಡುಕಾಟ ಯಾವುದೂ ಅಲ್ಲಿಲ್ಲ. ಅಂದರೆ ಕಾವ್ಯದಿಂದ ಬಂದದ್ದು ಎರಡು ಹೆಸರು, ಅಷ್ಟೇ. ಅದಕ್ಕೆ ಒಂದು ಪ್ಯಾರಾ ಸಾಕು.

ಪಾತ್ರದ ಬೇರು ಹುಡುಕುವಾಗ ಅವನ ಹೆಸರನ್ನು ಸ್ವಲ್ಪ ಹೊತ್ತು ಮರೆತು, ಅವನು ಏನು ಮಾಡುತ್ತಾನೆ ಅಂತ ನೋಡಿ. ಈ ಗಿಲ್ಗಮೆಶ್ ಎಲ್ಲರ ನೆನಪಿನಲ್ಲಿ ಉಳಿದಿರುವುದು ಎಲ್ಲಿ? ಒಂದು ದೊಡ್ಡ ಸೇತುವೆಯ ಮೇಲೆ. ಆಟದ ನಾಯಕರ ದಾರಿ ಅಡ್ಡಗಟ್ಟಿ ನಿಲ್ಲುತ್ತಾನೆ. ಸೋಲುವ ಹೊತ್ತಿಗೆ ಏನೋ ಅರ್ಜೆಂಟ್ ಕೆಲಸ ನೆನಪಾಯಿತು ಅಂತ ನೆಪ ಹೇಳಿ ಕಾಲ್ಕೀಳುತ್ತಾನೆ. ಅವನಿಗೆ ಹುಚ್ಚು ಇರುವುದು ಹೆಸರಾಂತ ಆಯುಧಗಳದ್ದು. ಮುಖದ ಮೇಲೆ ಜಪಾನಿನ ಕಬುಕಿ ನಾಟಕದವರ ಹಾಗೆ ಬಣ್ಣದ ಪಟ್ಟೆ. ಮುಂದೊಂದು ಹೋರಾಟದಲ್ಲಿ ಹಲವು ಕೈಗಳಾಗಿ, ಕೈಗೊಂದು ಆಯುಧ ಹಿಡಿದು ನಿಲ್ಲುತ್ತಾನೆ. ಸೇತುವೆ, ಆಯುಧ ಕೂಡಿಸುವ ಹುಚ್ಚು, ಬಣ್ಣದ ಮುಖ. ಇವೆಲ್ಲ ಉರುಕ್‌ನಲ್ಲಿ ಸಿಗುವುದಿಲ್ಲ. ಜಪಾನಿನ ಕ್ಯೋಟೊದಲ್ಲಿ ಸಿಗುತ್ತವೆ.

ಅಲ್ಲಿರುವವನು ಮುಸಾಶಿಬೊ ಬೆಂಕೆ, ಜಪಾನಿನ ಕಥೆಗಳ ಯೋಧ-ಸನ್ಯಾಸಿ. ನಿಮ್ಮ ಲೇಖನದಲ್ಲಿ ಇವನ ಹೆಸರು ಒಂದೇ ಒಂದು ಕಡೆ ಬಂದಿದೆ, ಅದೂ ಕಂಸದೊಳಗೆ. ಇವನೇ ನಿಮ್ಮ ಲೇಖನದ ಅರ್ಧ ಭಾಗ ಆಗಬೇಕಿತ್ತು.

ಚರಿತ್ರೆಯಲ್ಲಿ ಬೆಂಕೆ ಬಗ್ಗೆ ಸಿಗುವುದು ಬಹಳ ಕಡಿಮೆ. ಕಾಮಾಕುರಾದ ಯೋಧರ ಆಡಳಿತದ ದಾಖಲೆಯಾದ ‘ಅಜುಮಾ ಕಾಗಾಮಿ’ಯಲ್ಲಿ, ಹನ್ನೆರಡನೇ ಶತಮಾನದ ಯೋಧ ಮಿನಾಮೊಟೊ ನೊ ಯೋಶಿತ್ಸುನೆಯ ಕಡೆಯವರಲ್ಲಿ ಒಬ್ಬನಾಗಿ ಹೆಸರು ಬರುತ್ತದೆ, ಅಷ್ಟೇ. ಉಳಿದದ್ದೆಲ್ಲ ಜನರ ಬಾಯಲ್ಲಿ ಬೆಳೆದದ್ದು. ‘ಗಿಕೇಕಿ’ ಎಂಬ ಹಳೆಯ ಕಥನದಲ್ಲಿ ಇವನು ತಾಯಿಯ ಹೊಟ್ಟೆಯಲ್ಲಿ 18 ತಿಂಗಳು ಇದ್ದು, ಕೂದಲು ಹಲ್ಲು ಸಮೇತ ಹುಟ್ಟುತ್ತಾನೆ. ದೊಡ್ಡವನಾಗಿ ಸನ್ಯಾಸಿಯಾದರೂ ಜಗಳ ಬಿಡುವುದಿಲ್ಲ. 1000 ಕತ್ತಿ ಕಿತ್ತುಕೊಳ್ಳುವ ಹಟ ತೊಟ್ಟು ರಾತ್ರಿ ಕ್ಯೋಟೊದ ಬೀದಿ ಕಾಯುತ್ತಾನೆ. 999 ಆಗಿವೆ, ಇನ್ನು ಒಂದೇ ಒಂದು. ಆಗ ಕೊಳಲು ಊದುತ್ತಾ, ಸೊಂಟದಲ್ಲಿ ಚಿನ್ನದ ಕೆಲಸದ ಕತ್ತಿ ಸಿಕ್ಕಿಸಿಕೊಂಡು ಒಬ್ಬ ಎಳೆಯ ಹುಡುಗ ಬರುತ್ತಾನೆ. ಅವನೇ ಯೋಶಿತ್ಸುನೆ. ಬೆಂಕೆ ಸೋಲುತ್ತಾನೆ, ಸೋತವನು ಆಮೇಲೆ ಆ ಹುಡುಗನನ್ನು ಸಾಯುವ ತನಕ ಬಿಡುವುದಿಲ್ಲ.

ಒಂದು ಕಡೆ ಎಚ್ಚರ ಬೇಕು. ‘ಗಿಕೇಕಿ’ಯಲ್ಲಿ ಈ ಮುಖಾಮುಖಿ ನಡೆಯುವುದು ಗೊಜೊ ಟೆಂಜಿನ್ ದೇಗುಲದ ಹತ್ತಿರ, ಆಮೇಲೆ ಕಿಯೊಮಿಜು ದೇವಾಲಯದಲ್ಲಿ. ಸೇತುವೆಯ ಮೇಲಲ್ಲ. ಅದನ್ನು ಗೊಜೊ ಸೇತುವೆಗೆ ತಂದು ನಿಲ್ಲಿಸಿದ್ದು ‘ಹಾಶಿ ಬೆಂಕೆ’ಯಂಥ ನಾಟಕ, ‘ನೋ’ ಎಂಬ ಹಳೆಯ ಜಪಾನಿ ಶೈಲಿಯದ್ದು. 1911ರ ಶಾಲಾ ಹಾಡೊಂದು ಅದನ್ನು ಮಕ್ಕಳ ಬಾಯಿಗೂ ಹಾಕಿತು. ಹಾಗಾಗಿ 1992ರಲ್ಲಿ ಈ ಗೇಮ್ ಆಡಿದ ಜಪಾನಿನ ಹುಡುಗನಿಗೆ, ಸೇತುವೆ ಮೇಲೆ ಆಯುಧ ಹಿಡಿದು ಅಡ್ಡ ನಿಂತ ದೈತ್ಯ ಯಾರ ನೆರಳು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನೊಂದು ಸಂಗತಿ: 1590ರ ಸುಮಾರಿಗೆ ಆಗ ಜಪಾನ್ ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿ ಆ ಸೇತುವೆಯನ್ನೇ ತುಸು ದಕ್ಷಿಣಕ್ಕೆ ಸರಿಸಿದ. ಅಂದರೆ ಇವತ್ತು ಜನ ನೋಡಲು ಹೋಗುವ ಗೊಜೊ ಸೇತುವೆ ಇರುವುದು ಹಳೆಯ ಜಾಗದಲ್ಲಲ್ಲ. ಕಥೆಯೂ ಸರಿದಿದೆ, ಸೇತುವೆಯೂ ಸರಿದಿದೆ! ಇಂಥದ್ದನ್ನು ಬರೆಯಿರಿ, ಓದುಗರು ಪುಟ ಹಾರಿಸುವುದಿಲ್ಲ.

ಕಬುಕಿಯ ಎಳೆಯನ್ನೂ ಹಿಡಿಯಿರಿ. 1840ರಲ್ಲಿ ಮೊದಲು ಆಡಿದ ‘ಕಾಂಜಿಂಚೊ’ ನಾಟಕದಲ್ಲಿ ಬೆಂಕೆ ಖಾಲಿ ಸುರುಳಿಯನ್ನು ಬಿಚ್ಚಿ ಹಿಡಿದು, ದೇವಾಲಯಕ್ಕೆ ಹಣ ಎತ್ತುವ ಪತ್ರ ಓದುವವನ ಹಾಗೆ ಗಟ್ಟಿಯಾಗಿ ಓದುತ್ತಾನೆ. ಗಡಿ ಕಾಯುವವರ ಕಣ್ಣಿಗೆ ಮಣ್ಣೆರಚಿ ಒಡೆಯ ಯೋಶಿತ್ಸುನೆಯನ್ನು ದಾಟಿಸುವುದು ಅವನ ಉದ್ದೇಶ. ಬೊಗಳೆ ಬಿಡುವುದರಲ್ಲಿ ಗೇಮ್‌ನ ಗಿಲ್ಗಮೆಶ್ ಇವನಿಗೆ ತಮ್ಮನಾಗಬೇಕು. ಏನು ವ್ಯತ್ಯಾಸ ಅಂದರೆ, ಬೆಂಕೆಯ ಸುಳ್ಳು ಗೆಲ್ಲುತ್ತದೆ, ಗಿಲ್ಗಮೆಶ್‌ನ ಬಡಾಯಿ ಪ್ರತಿ ಸಲವೂ ಮುಖಕ್ಕೇ ಹೊಡೆಯುತ್ತದೆ.

ಗೆಂಜಿ ಕವಚದ ವಿಷಯದಲ್ಲಿ ಮಾತ್ರ ಅವಸರ ಬೇಡ. ಗಿಲ್ಗಮೆಶ್ ಜೊತೆ ಹೋರಾಡುವಾಗ ಗೆಂಜಿ ಹೆಸರಿನ ಸಾಮಗ್ರಿಗಳನ್ನು ಕದಿಯಬಹುದು, ಗೆಂಜಿ ಅಂದರೆ ಯೋಶಿತ್ಸುನೆಯ ಮಿನಾಮೊಟೊ ಮನೆತನವೇ. ಕೇಳಲು ಚೆಂದ. ಆದರೆ ಅದೇ ಹೆಸರಿನ ಕವಚ ಹಿಂದಿನ ‘ಫೈನಲ್ ಫ್ಯಾಂಟಸಿ 4’ರಲ್ಲೂ ಇತ್ತು, ಅಲ್ಲಿ ಗಿಲ್ಗಮೆಶ್ ಇರಲಿಲ್ಲ. ಅದನ್ನು ಜೊತೆಗೊಂದು ಸುಳಿವಾಗಿ ಇಡಿ, ದೊಡ್ಡ ಸಾಕ್ಷಿ ಅಂತ ಎತ್ತಿ ಹಿಡಿಯಬೇಡಿ.

ಇನ್ನು ಭಾಷೆ. ‘ನಿಸ್ಸಂದೇಹವಾಗಿ’ ಅನ್ನುವ ಮಾತು ಪುಟಕ್ಕೊಂದು ಸಲ ಬಂದಿದೆ. ಅದು ಬಂದ ಕಡೆಯಲ್ಲೆಲ್ಲ ನನಗೆ ಸಂದೇಹ ಹುಟ್ಟಿತು. ‘ವಿದ್ವಾಂಸರು ಹೇಳುವಂತೆ’ ಅಂತ ಬರೆದರೆ ಯಾವ ವಿದ್ವಾಂಸರು ಅಂತ ಹೇಳಿ, ಇಲ್ಲವಾದರೆ ತೆಗೆಯಿರಿ. ‘ಅನಾದಿ ಕಾಲದಿಂದಲೂ ಮಾನವನು’ ಅಂತ ಶುರುವಾಗುವ ಮೊದಲ ಪ್ಯಾರಾ ಪೂರ್ತಿ ಹೋಗಲಿ. ನಿಮ್ಮ ಒಂದು ವಾಕ್ಯ ಹೀಗಿದೆ: ‘ಪಾತ್ರದ ಹಾಸ್ಯಪ್ರಜ್ಞೆಯು ಎಕ್ಸ್‌ಕ್ಯಾಲಿಪೂರ್ ಪ್ರಸಂಗದಲ್ಲಿ ಅಭಿವ್ಯಕ್ತಗೊಳ್ಳುತ್ತದೆ.’ ಸುಮ್ನೆ ಆದದ್ದನ್ನು ಹೇಳಿ. ಎಕ್ಸ್‌ಕ್ಯಾಲಿಬರ್ ಎಂಬ ಹೆಸರಾಂತ ಕತ್ತಿ ಸಿಕ್ಕಿತು ಅಂತ ಮೆರೆದು ಬೀಸುತ್ತಾನೆ, ಡ್ಯಾಮೇಜ್ ಬರುವುದು 1. ಕೈಯಲ್ಲಿರುವುದು ಎಕ್ಸ್‌ಕ್ಯಾಲಿಪೂರ್ ಎಂಬ ನಕಲಿ ಕತ್ತಿ. ಇಷ್ಟು ಹೇಳಿದರೆ ಓದುಗರು ತಾವೇ ನಗುತ್ತಾರೆ, ಹಾಸ್ಯಪ್ರಜ್ಞೆ ಅಂತ ಚೀಟಿ ಅಂಟಿಸುವ ಕೆಲಸ ಇಲ್ಲ.

ಕೊನೆಯ ಪುಟದಲ್ಲಿ ನೀವು ಅವಸರದಲ್ಲಿ ದಾಟಿದ ಒಂದು ಜಾಗ ಇದೆ. 1189ರಲ್ಲಿ ಕೊರೊಮೊ ನದಿಯ ಬಳಿ ಯೋಶಿತ್ಸುನೆಯನ್ನು ಶತ್ರುಗಳು ಮುತ್ತಿದಾಗ, ಬೆಂಕೆ ಬಾಗಿಲಿಗೆ ಅಡ್ಡ ನಿಂತು ಮೈತುಂಬ ಬಾಣ ತಿಂದು, ನಿಂತಲ್ಲೇ ಸತ್ತ ಎನ್ನುತ್ತದೆ ಕಥೆ. ಸತ್ತಿದ್ದಾನೆ ಅಂತ ಗೊತ್ತಾಗದೆ ಯಾರೂ ಹತ್ತಿರ ಬರಲಿಲ್ಲವಂತೆ. ಗೇಮ್‌ನಲ್ಲಿ ಗಿಲ್ಗಮೆಶ್ ಕೂಡ ನೆಕ್ರೊಫೋಬ್ ಎಂಬ ಶತ್ರುವಿನ ಜೊತೆಗಿನ ಹೋರಾಟದ ನಡುವೆ ನುಗ್ಗಿ ಬಂದು, ಅಷ್ಟು ದಿನ ತಾನೇ ಅಡ್ಡಗಟ್ಟಿದವರಿಗಾಗಿ ಜೀವ ಕೊಡುತ್ತಾನೆ. ಹೋಗುವ ಮುಂಚೆ ಒಬ್ಬೊಬ್ಬರಿಗೂ ಒಂದು ಮಾತು ಹೇಳುತ್ತಾನೆ. ಬರೆದವರು ಬೆಂಕೆಯನ್ನು ನೆನೆದೇ ಇದನ್ನು ಬರೆದರು ಅಂತ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಿರಿ.

1999ರ ಎಂಟನೇ ಭಾಗದಲ್ಲಿ ನೆರವಿಗೆ ಬರುವ ಓಡಿನ್ ಎಂಬ ಪಾತ್ರದ ಜಾಗಕ್ಕೆ ನಾಲ್ಕು ಕತ್ತಿ ಹಿಡಿದು ಬರುವುದು, 2006ರ ಹನ್ನೆರಡನೇ ಭಾಗದಲ್ಲಿ ಹಳೆಯ ನಾಯಕರ ಕತ್ತಿಗಳ ನಕಲು ಹಿಡಿದು ಬರುವುದು, ಇವೆರಡು ಸಾಕು. ಉಳಿದ ಭಾಗಗಳ ಪಟ್ಟಿ ಬೇಡ, ಅದರಲ್ಲಿ ಕತ್ತಿ ಬಿಟ್ಟು ಬೇರೇನೂ ಹೊಸದಿಲ್ಲ.

ಹೊಸ ಪ್ರತಿ ಐದು ಪುಟ ಮೀರದಿರಲಿ. ದೊಡ್ಡ ಸೇತುವೆಯಿಂದ ಶುರು ಮಾಡಿ, ಮೆಸೊಪೊಟೇಮಿಯಾ ಎರಡನೇ ಪುಟದಲ್ಲಿ ಒಂದು ಪ್ಯಾರಾ ಬಂದು ಹೋಗಲಿ. ಗೇಮ್‌ನ ದೃಶ್ಯಗಳನ್ನು ನೆನಪಿನಿಂದ ಬರೆಯದೆ ಮತ್ತೊಮ್ಮೆ ಆಡಿ ನೋಡಿ ಬರೆಯಿರಿ. ಜಪಾನಿ ಹೆಸರುಗಳ ಕಾಗುಣಿತ ಎಲ್ಲ ಕಡೆ ಒಂದೇ ಥರ ಇರಲಿ, ಈಗ ಯೋಶಿತ್ಸುನೆ ಒಬ್ಬನೇ ಮೂರು ಥರ ಇದ್ದಾನೆ. ಕಳಿಸಿದ ಕೂಡಲೇ ಓದುತ್ತೇನೆ.

ನಿಮ್ಮ,
ಸಂಪಾದಕ